ಪದರದ ನಡುವಿನ ಎಣ್ಣೆ

ಭೂವಿಜ್ಞಾನ ವಿಭಾಗದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕಲ್ಲಿನ ಪಾಠ ಮಾಡುವವರೆಂದು ಹಳೆಯ ವಿದ್ಯಾರ್ಥಿಗಳು ‘ಜಲ್ಲಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಆಮೇಲೆ ಅವರು ಪ್ರಯೋಗಶಾಲೆಯಲ್ಲಿ ತೊಟ್ಟಿಗಳಿಗೆ ಜೆಲಟಿನ್ ಸುರಿದುಕೊಂಡು ಕೂರತೊಡಗಿದ ಮೇಲೆ ಒಂದು ಎತ್ವ ಸೇರಿಕೊಂಡು ‘ಜೆಲ್ಲಿ ಮೇಷ್ಟ್ರು’ ಆದರು. ಎರಡೂ ಹೆಸರು ಅವರಿಗೆ ಇಷ್ಟವೇ ಆಗಿದ್ದವು.

ಅವರಿಗಿದ್ದ ಹುಚ್ಚು ಒಂದೇ, ಸಿಲ್. ನೆಲದಾಳದಲ್ಲಿ ಕುದಿಯುವ ಶಿಲಾರಸ ಬಿರುಕು ಹಿಡಿದು ಮೇಲೇರುತ್ತದೆ. ಎಲ್ಲ ಸಲವೂ ಅದು ನೆಲ ಸೀಳಿ ಹೊರಗೆ ಉಕ್ಕುವುದಿಲ್ಲ. ಕೆಲವೊಮ್ಮೆ ಅರ್ಧ ದಾರಿಯಲ್ಲೇ ಅಡ್ಡಕ್ಕೆ ತಿರುಗಿಬಿಡುತ್ತದೆ. ಒಂದರ ಮೇಲೊಂದು ಹಾಸಿಕೊಂಡ ಹಳೆಯ ಕಲ್ಲಿನ ಪದರಗಳ ನಡುವೆ ನುಗ್ಗಿ, ಮೇಲಿನ ಭಾರವನ್ನೆಲ್ಲ ಮೆಲ್ಲಗೆ ಎತ್ತಿ, ಹಾಳೆಯಂತೆ ಹರಡಿ, ಅಲ್ಲಿಯೇ ಆರಿ ಗಟ್ಟಿಯಾಗುತ್ತದೆ. ಆ ಕಲ್ಲಿನ ಹಾಳೆಯೇ ಸಿಲ್. ಕಾಲಾಂತರದಲ್ಲಿ ಮೇಲಿನದೆಲ್ಲ ಸವೆದುಹೋದಾಗ ಬೆಟ್ಟದ ಮೈಯಲ್ಲಿ ಕಪ್ಪು ಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ನೋಡಿದವರು ಅದನ್ನು ಹಳೆಯ ಲಾವಾ ಅಂದುಕೊಳ್ಳುವುದೇ ಹೆಚ್ಚು.

“ಲಾವಾ ತನ್ನ ಕೆಳಗಿರೋ ಕಲ್ಲನ್ನ ಮಾತ್ರ ಸುಡುತ್ತೆ,” ಎಂದು ಮೇಷ್ಟ್ರು ಪಾಠ ಶುರುಮಾಡುತ್ತಿದ್ದರು. “ಸಿಲ್ ಹಾಗಲ್ಲ. ಮೇಲಿನದನ್ನೂ ಸುಡುತ್ತೆ, ಕೆಳಗಿನದನ್ನೂ ಸುಡುತ್ತೆ. ಯಾಕೆ? ಅದು ಆಮೇಲೆ ಬಂದು ಮಧ್ಯೆ ಸೇರಿಕೊಂಡಿದ್ದು.”

“ನಮ್ಮ ಸೋದರತ್ತೆ ಥರ,” ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಅನ್ನುತ್ತಿದ್ದರು. ಪ್ರತಿ ವರ್ಷ ಅದೇ ಜೋಕು. ಪ್ರತಿ ವರ್ಷವೂ ಮೇಷ್ಟ್ರು ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ನೆಲದೊಳಗೆ ಇದು ಹೇಗೆ ನಡೆಯುತ್ತದೆಂದು ಕಣ್ಣಾರೆ ಕಂಡವರಿಲ್ಲ. ಅದಕ್ಕೇ ಈ ತೊಟ್ಟಿ. ಪಾರದರ್ಶಕ ಪೆಟ್ಟಿಗೆಯೊಂದರಲ್ಲಿ ಜೆಲಟಿನ್ನಿನ ಒಂದು ಪದರ ಸುರಿದು, ಅದು ಗಟ್ಟಿಯಾದ ಮೇಲೆ ಇನ್ನೂ ಬಿಗಿಯಾದ ಎರಡನೆಯ ಪದರ ಸುರಿಯುವುದು. ತಳದಲ್ಲಿ ಒಂದು ತೂತು, ಅದಕ್ಕೊಂದು ಕೊಳವೆ. ಕೊಳವೆಯಿಂದ ಕೆಂಪು ನೀರು ಒತ್ತಿದರೆ ಅದು ಶಿಲಾರಸದ ಹಾಗೆ ಬಿರುಕು ಕೊರೆದುಕೊಂಡು ಏರುತ್ತದೆ. ಎರಡು ಪದರ ಕೂಡುವ ಕಡೆ ಬಂದಾಗ ಅದು ಅಡ್ಡಕ್ಕೆ ಹರಡಿದರೆ, ಅದೇ ಪುಟ್ಟ ಸಿಲ್. ಆದರೆ ಅದು ಕೆಲವು ದಿನ ಹರಡುತ್ತಿತ್ತು, ಹೆಚ್ಚಿನ ದಿನ ಹರಡುತ್ತಿರಲಿಲ್ಲ. ನೆಟ್ಟಗೆ ಮೇಲಕ್ಕೆ ಸೀಳಿಕೊಂಡು ಹೋಗಿ ಮೇಷ್ಟ್ರ ಕನ್ನಡಕಕ್ಕೆ ಸಿಡಿಯುತ್ತಿತ್ತು. ಯಾಕೆ ಹೀಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ವಿಭಾಗದ ಹೊಸ ಕಟ್ಟಡ ಉದ್ಘಾಟನೆಯಾಗುವ ವಾರ ಮೇಷ್ಟ್ರ ಕೋಣೆಗೆ ಹೆಡ್ ಬಂದರು.

“ಮೇಷ್ಟ್ರೇ, ದೊಡ್ಡ ದೊಡ್ಡವರೆಲ್ಲ ಬರ್ತಾರೆ. ಫೋಟೋ ಪೋಸ್ಟರ್ ನೋಡಿ ನೋಡಿ ಅವರಿಗೂ ಬೇಜಾರಾಗಿರುತ್ತೆ. ನಿಮ್ಮ ಜೆಲ್ಲಿ ಆಟ ಅವರ ಎದುರಿಗೇ ಮಾಡಿ ತೋರಿಸಿಬಿಡಿ.”

“ಅದು ಹೇಳಿದ ಮಾತು ಕೇಳೋದಿಲ್ಲ ಸರ್. ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ.”

“ಕೇಳೋ ಹಾಗೆ ಮಾಡಿ,” ಎಂದು ಹೆಡ್ ಬೆನ್ನು ತಟ್ಟಿ ಹೋದರು.

ಮೇಷ್ಟ್ರು ಅಭ್ಯಾಸ ಮಾಡಿ ನೋಡಿದರು. ಒಂದು ಸಲವೂ ಆಗಲಿಲ್ಲ. ಉದ್ಘಾಟನೆಯ ಹಿಂದಿನ ದಿನ, ಕೆಳಗಿನ ಪದರ ಗಟ್ಟಿಯಾದ ಮೇಲೆ, ಅವರು ಮನೆಗೆ ಹೋಗಿ ಒಂದು ಬ್ರಷ್ ತಂದರು. ಅವರ ಹೆಂಡತಿಗೆ ಪೇಟೆಯಲ್ಲಿ ಒಂದು ಸಣ್ಣ ಬೇಕರಿ ಇತ್ತು. ಬನ್ನಿನ ಮೇಲೆ ಬೆಣ್ಣೆ ಸವರುವ ಬ್ರಷ್ ಅದು. ಬಾಗಿಲು ಹಾಕಿಕೊಂಡು, ಗಟ್ಟಿಯಾದ ಪದರದ ಮೇಲೆ ಅಡುಗೆ ಎಣ್ಣೆಯನ್ನು ತೆಳ್ಳಗೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸವರಿದರು. ಅದರ ಮೇಲೆ ಎರಡನೆಯ ಪದರ ಸುರಿದರು. ‘ಇದು ಪ್ರದರ್ಶನ ಅಷ್ಟೇ, ಸಂಶೋಧನೆಯಲ್ಲ. ನಾಟಕದಲ್ಲಿ ನಿಜವಾದ ಕತ್ತಿ ಹಿಡೀತಾರಾ?’ ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಳ್ಳಬೇಕಾಗಿ ಬಂದದ್ದೇ ಅವರಿಗೆ ಸರಿ ಕಾಣಲಿಲ್ಲ. ಆದರೂ ಬ್ರಷ್ ತೊಳೆದು ಜೇಬಿಗಿಟ್ಟುಕೊಂಡರು.

ಮರುದಿನ ಕೆಂಪು ನೀರು ಏರಿತು, ಎಣ್ಣೆಯ ಗೆರೆ ಮುಟ್ಟಿತು, ಅರಳುವ ಹೂವಿನಂತೆ ನಾಲ್ಕೂ ಕಡೆಗೆ ಹರಡಿಕೊಂಡಿತು. ಮೇಲಿನ ಪದರ ಒಂದು ಉಸಿರು ಎಳೆದುಕೊಂಡಂತೆ ತುಸು ಉಬ್ಬಿತು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಯಾರೋ ವಿಡಿಯೋ ಮಾಡಿಕೊಂಡರು, ಕಾಲೇಜಿನ ಜಾಲತಾಣದಲ್ಲಿ ಅದೇ ಹಾಕಿದರು. “ಪ್ರಕೃತಿಯೇ ನಿಮ್ಮ ಮಾತು ಕೇಳುತ್ತಲ್ರೀ!” ಎಂದರು ಒಬ್ಬ ಹಿರಿಯ ಅತಿಥಿ. ಮೇಷ್ಟ್ರು ನಕ್ಕು ತಲೆ ಬಗ್ಗಿಸಿದರು. ನೋಡಿದವರಿಗೆ ಅದು ವಿನಯದ ಹಾಗೆ ಕಂಡಿತು.

ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಆ ವಿಡಿಯೋ ನೋಡಿ ದೂರದ ಊರಿನಿಂದ ಒಬ್ಬಳು ಹುಡುಗಿ ಸಂಶೋಧನೆ ಮಾಡಲು ಬಂದಳು. ಆಕಾರ ಚಿಕ್ಕದು, ಒಂದು ಕಡೆ ನಿಂತವಳಲ್ಲ. ತೊಟ್ಟಿಯಿಂದ ತೊಟ್ಟಿಗೆ ಕುಪ್ಪಳಿಸುತ್ತಿದ್ದ ಅವಳಿಗೆ ಜೊತೆಯವರು ‘ಗುಬ್ಬಿ’ ಎಂದು ಹೆಸರಿಟ್ಟರು. ಮೇಷ್ಟ್ರ ಬಾಯಲ್ಲೂ ಅದೇ ಬಂತು.

“ಸರ್, ನಾನು ಡಿಗ್ರಿ ಮುಗಿಸಿ ಕಂಪ್ಯೂಟರ್ ಕೆಲಸಕ್ಕೆ ಸೇರೋಣ ಅಂತಿದ್ದೆ. ಆ ವಿಡಿಯೋ ನೋಡಿದ ಮೇಲೆ ಅಪ್ಪನಿಗೆ ಹೇಳಿದೆ, ಓದಿದ್ರೆ ಇದೇ ಅಂತ,” ಎಂದಳು ಮೊದಲ ದಿನವೇ.

ಆ ದಿನವೇ ಹೇಳಬಹುದಾಗಿತ್ತು. ‘ನೋಡಮ್ಮಾ, ಅದರಲ್ಲಿ ಒಂದು ಚಿಕ್ಕ ಮಸಲತ್ತು ಇತ್ತು’ ಎಂದು ನಕ್ಕುಕೊಂಡೇ ಹೇಳಿ ಮುಗಿಸಬಹುದಾಗಿತ್ತು. ಅವಳ ಕಣ್ಣಿನಲ್ಲಿದ್ದ ಬೆಳಕನ್ನು ನೋಡಿ ಅವರಿಗೆ ಬಾಯಿ ಬರಲಿಲ್ಲ. ಆ ಬೆಳಕು ತಮ್ಮ ಮೇಲೆ ಬಿದ್ದದ್ದು ಅವರಿಗೆ ಹಿತವಾಗಿತ್ತು ಎಂಬುದೂ ನಿಜ.

ಗುಬ್ಬಿ ಕೆಲಸ ಶುರುಮಾಡಿದಳು. ಜೆಲಟಿನ್ ಕಲಸಿದಳು, ಶೋಧಿಸಿದಳು, ಗುಳ್ಳೆ ಬಾರದ ಹಾಗೆ ಸುರಿದಳು, ತಣ್ಣಗಿಟ್ಟಳು. ಕೆಂಪು ನೀರು ಪ್ರತಿ ಸಲವೂ ನೆಟ್ಟಗೆ ಮೇಲಕ್ಕೆ ಹೋಯಿತು. ಮೇಷ್ಟ್ರು ಪಕ್ಕದಲ್ಲಿ ನಿಂತು ಸಲಹೆ ಕೊಟ್ಟರು: ನಿಧಾನವಾಗಿ ಒತ್ತು, ಮೇಲಿನ ಪದರ ಇನ್ನೂ ಬಿಗಿ ಮಾಡು, ಕೊಳವೆ ಬದಲಿಸು. ಎಲ್ಲವೂ ಸರಿಯಾದ ಸಲಹೆಗಳೇ, ಹೇಳಬೇಕಾದ್ದೊಂದನ್ನು ಬಿಟ್ಟು. ಅವಳಿಗೆ ಒಂದೇ ಒಂದು ಸಲ ತಾನಾಗಿಯೇ ಆಗಿಬಿಟ್ಟರೆ ತಮ್ಮ ಸುಳ್ಳೂ ನಿಜವಾಗಿಬಿಡುತ್ತದೆ ಎಂಬ ಆಸೆ ಅವರಿಗಿತ್ತು. ಆಗಲಿಲ್ಲ. ಚಳಿಗಾಲ ಕಳೆದು ಬೇಸಿಗೆ ಬಂತು. ಅವಳ ಬೆರಳ ತುದಿಗಳು ಬಣ್ಣ ಹಿಡಿದು ಕೆಂಪಾಗಿಯೇ ಉಳಿದವು. ಕುಪ್ಪಳಿಸುವುದು ನಿಂತುಹೋಯಿತು.

“ನನ್ನ ಕೈಗುಣಾನೇ ಸರಿಯಿಲ್ಲ ಸರ್,” ಎಂದಳು ಒಂದು ದಿನ ತೊಟ್ಟಿ ತೊಳೆಯುತ್ತಾ. “ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡ್ತೀನಿ. ನಿಮ್ಮ ಕೈ ಒಂಚೂರೂ ನಡುಗೋದಿಲ್ಲ.”

ಮೇಷ್ಟ್ರು ತಮ್ಮ ಕೈಗಳನ್ನು ಕೋಟಿನ ಜೇಬಿಗೆ ಸೇರಿಸಿಕೊಂಡರು.

ವರ್ಷದ ಪರಿಶೀಲನೆಯ ಸಭೆ ಬಂತು. ವಿಭಾಗದವರೆಲ್ಲ ಕೂತಿದ್ದರು. ಗುಬ್ಬಿ ಎದ್ದು ನಿಂತು ತನ್ನ ಸೋತ ಪ್ರಯೋಗಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ಕೊನೆಗೆ, ಎರಡು ಪದರಗಳು ಕೂಡುವ ಗೆರೆಯಲ್ಲೇ ಏನೋ ಇರಬೇಕು ಅನ್ನಿಸುತ್ತದೆ, ಎರಡೂ ಬಹಳ ಗಟ್ಟಿಯಾಗಿ ಅಂಟಿಕೊಂಡುಬಿಡುತ್ತವೇನೋ ಎಂದಳು.

ಹೆಡ್ ಕುರ್ಚಿಗೆ ಒರಗಿದರು. “ಅಂಟಿಕೊಳ್ಳೋದು ನಿನಗೆ ಮಾತ್ರಾನಾ? ನಮ್ಮ ಮೇಷ್ಟ್ರು ಅಷ್ಟು ಜನರ ಮುಂದೆ ಮೊದಲನೇ ಸಲಕ್ಕೇ ಮಾಡಿ ತೋರಿಸಲಿಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ.”

ಎಲ್ಲರೂ ನಕ್ಕರು. ಗುಬ್ಬಿ ಮೇಷ್ಟ್ರ ಕಡೆ ನೋಡಿದಳು. ಸಹಾಯ ಕೇಳುವ ನೋಟವಲ್ಲ ಅದು. ಅವರ ಹೆಸರು ಕೆಡಿಸಿದೆನಲ್ಲ ಎಂದು ಕ್ಷಮೆ ಬೇಡುವ ನೋಟ. ಮೇಷ್ಟ್ರು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ ಕುಡಿದರು. ಲೋಟ ಖಾಲಿಯಾದ ಮೇಲೂ ಅದನ್ನು ತುಟಿಗೇ ಹಿಡಿದುಕೊಂಡಿದ್ದರು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಅನ್ನುವುದನ್ನು ಎಷ್ಟೋ ಸಲ ಕೇಳಿದ್ದರು. ಭೂಮಿ ಬಾಯಿ ಬಿಡುವ ಬಗೆಗಳನ್ನು ಪಾಠ ಮಾಡುತ್ತಲೇ ತಲೆ ನರೆಸಿಕೊಂಡವರಿಗೆ ಆ ಮಾತಿನ ಅರ್ಥವಾದದ್ದು ಆ ದಿನ.

ಸಭೆ ಮುಗಿದ ವಾರದಲ್ಲಿ ಪ್ರಯೋಗಶಾಲೆಯ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ನಡುವಯಸ್ಸು ದಾಟಿದವರು, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ತೆಗೆಯಲು ಮರೆತ ಅಳತೆ ಪಟ್ಟಿ. ಗುಬ್ಬಿಯ ಅಪ್ಪ. ಊರಿನಲ್ಲಿ ದರ್ಜಿ ಕೆಲಸ ಮಾಡುತ್ತಿದ್ದರು. ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದಿದ್ದರು. ಮಗಳಿಗೆ ತಾವು ಬಂದದ್ದು ಗೊತ್ತಿಲ್ಲ ಎಂದರು.

“ಕೂತ್ಕೊಳ್ಳಿ,” ಎಂದರು ಮೇಷ್ಟ್ರು.

“ಪರವಾಗಿಲ್ಲ ಸರ್, ನಿಂತೇ ಹೇಳ್ತೀನಿ. ನಮ್ಮ ಹುಡುಗಿ ಬಿಟ್ಟು ಬರ್ತೀನಿ ಅಂತಿದ್ದಾಳೆ. ನೀವು ಎಷ್ಟು ಹೇಳಿಕೊಟ್ರೂ ಅವಳಿಗೆ ಹತ್ತಲಿಲ್ವಂತೆ. ನಿಮ್ಮ ಹೆಸರಿಗೆ ಮಸಿ ಬಳಿದುಬಿಟ್ಟೆ ಅಂತ ಫೋನಿನಲ್ಲಿ ಅತ್ಲು.” ಅವರು ಅಳತೆ ಪಟ್ಟಿ ಕಂಡು ನಾಚಿ, ಕೊರಳಿಂದ ತೆಗೆದು ಸುತ್ತತೊಡಗಿದರು. “ಅವಳ ಪರವಾಗಿ ನಾನು ಕ್ಷಮೆ ಕೇಳೋಣ ಅಂತ ಬಂದೆ ಸರ್. ಸಿಟ್ಟು ಮಾಡ್ಕೋಬೇಡಿ. ನಿಮ್ಮ ಆ ವಿಡಿಯೋ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೀನಿ, ನನ್ನ ಮಗಳ ಗುರುಗಳು ಇವರೇ ಅಂತ.”

ಮೇಷ್ಟ್ರು ಬಾಯಿ ತೆರೆದರು. “ಅವಳದೇನೂ ತಪ್ಪಿಲ್ಲ,” ಎಂದರು.

“ದೊಡ್ಡ ಮನಸ್ಸು ಸರ್ ನಿಮ್ಮದು.”

ಆ ಮಾತು ಕಪಾಳಕ್ಕೆ ಬಿದ್ದ ಏಟಿಗಿಂತ ಜೋರಾಗಿತ್ತು. ದರ್ಜಿ ಕೈ ಮುಗಿದರು. ಮೇಷ್ಟ್ರೂ ಕೈ ಮುಗಿದರು. ದರ್ಜಿ ಹೊರಟುಹೋದರು.

ಮೇಷ್ಟ್ರು ಕಾಲೇಜಿನಿಂದ ನೇರ ಹೆಂಡತಿಯ ಬೇಕರಿಗೆ ಹೋದರು. ಮಧ್ಯಾಹ್ನದ ಹೊತ್ತು, ಗಿರಾಕಿ ಇರಲಿಲ್ಲ. ಅವಳು ಬಿಸಿ ತಟ್ಟೆಗಳನ್ನು ಒಲೆಯಿಂದ ಹೊರಗೆಳೆದು ಜೋಡಿಸುತ್ತಿದ್ದಳು. ಹಿಟ್ಟಿನ ಮೂಟೆಯ ಮೇಲೆ ಕೂತು ಅವರು ಎಲ್ಲವನ್ನೂ ಹೇಳಿದರು, ಬ್ರಷ್ಷಿನಿಂದ ಹಿಡಿದು ಅಳತೆ ಪಟ್ಟಿಯವರೆಗೆ.

ಅವಳು ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದರು. ಅವಳು ತಟ್ಟೆ ಕೆಳಗಿಟ್ಟಳು.

“ಆ ಮನುಷ್ಯ ಅಷ್ಟು ದೂರದಿಂದ ಬಂದು ನಿಮ್ಮ ಮುಂದೆ ಕೈ ಮುಗಿದು ನಿಂತಾಗ ನಿಮಗೆ ಬಾಯಿ ಬರಲಿಲ್ವಾ?”

“ಬರಲಿಲ್ಲ.”

“ನನ್ನ ಹತ್ರ ಹೇಗೆ ಬಂತು?”

ಮೇಷ್ಟ್ರು ಒಲೆಯ ಕಡೆ ನೋಡಿದರು.

“ನನ್ನ ಹತ್ರ ಹೇಳಿದ್ರೆ ನಿಮಗೆ ಹಗುರ ಆಗುತ್ತೆ, ಅದಕ್ಕೆ,” ಎಂದಳು ಅವಳು. “ಹಗುರ ಆಗ್ಬೇಕಾಗಿರೋದು ಆ ಹುಡುಗಿಗೆ. ಎದ್ದೇಳಿ, ಹಿಟ್ಟಿನ ಮೇಲೆ ಕೂತಿದ್ದೀರಿ.”

ಎದ್ದರು. ಪ್ಯಾಂಟಿನ ಹಿಂಭಾಗ ಬೆಳ್ಳಗಾಗಿತ್ತು. ಅದನ್ನೂ ಕೊಡವದೆ ಹಾಗೆಯೇ ಕಾಲೇಜಿಗೆ ವಾಪಸು ನಡೆದರು.

ಗುಬ್ಬಿ ಪ್ರಯೋಗಶಾಲೆಯಲ್ಲಿದ್ದಳು. ತನ್ನ ಸಾಮಾನುಗಳನ್ನು ಒಂದು ಚೀಲಕ್ಕೆ ತುಂಬಿ, ತೊಟ್ಟಿಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಳು. ಮೇಷ್ಟ್ರು ಬಾಗಿಲಲ್ಲಿ ನಿಂತೇ ಹೇಳಿದರು. ಪೀಠಿಕೆ ಹಾಕಲಿಲ್ಲ, ಹಾಕಿದರೆ ಮತ್ತೆ ಎಲ್ಲೋ ಜಾರಿಕೊಳ್ಳುತ್ತೇನೆ ಎಂದು ಅವರಿಗೆ ಗೊತ್ತಿತ್ತು.

“ಆ ವಿಡಿಯೋದಲ್ಲಿ ಎರಡು ಪದರಗಳ ಮಧ್ಯೆ ನಾನು ಎಣ್ಣೆ ಸವರಿದ್ದೆ. ಅದಕ್ಕೇ ಅದು ಹರಡಿದ್ದು. ಆ ವಾರವೆಲ್ಲ, ಹಿಂದಿನ ದಿನದವರೆಗೂ, ನನಗೂ ಒಂದು ಸಲಾನೂ ಆಗಿರಲಿಲ್ಲ. ನಿನ್ನ ಕೈಯಲ್ಲಿ ಯಾವ ದೋಷಾನೂ ಇಲ್ಲ.”

ಗುಬ್ಬಿ ತಿರುಗಿ ಅವರನ್ನು ನೋಡಿದಳು. ಒದ್ದೆ ಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಎಷ್ಟು ಎಣ್ಣೆ?”

“ತೆಳ್ಳಗೆ.”

“ಪೂರ್ತಿ ಸವರಿದ್ರಾ, ಮಧ್ಯದಲ್ಲಿ ಮಾತ್ರಾನಾ?”

“ಪೂರ್ತಿ.”

“ಹಾಗಾದ್ರೆ ನಾನು ಸಭೆಯಲ್ಲಿ ಹೇಳಿದ್ದು ಸರಿ. ಅಂಟೇ ಕಾರಣ. ಬಿಸಿ ಬಿಸಿ ಸುರಿದ್ರೆ ಕೆಳಗಿನದು ಕರಗಿ ಎರಡೂ ಒಂದಾಗಿಬಿಡುತ್ತೆ. ಅಂಟು ಸಡಿಲ ಇದ್ರೆ ಮಾತ್ರ ನೀರು ಅಡ್ಡ ಹೋಗುತ್ತೆ.” ಅವಳು ಕೈ ಒರೆಸಿಕೊಂಡಳು. “ನಾನು ಸರಿ ಅಂತ ಗೊತ್ತಿದ್ದವರು ಆ ಕೋಣೆಯಲ್ಲಿ ನೀವೊಬ್ರೇ ಸರ್. ನೀವು ನೀರು ಕುಡೀತಾ ಕೂತಿದ್ರಿ.”

“ಹೌದು.”

“ಅಮ್ಮನಿಗೆ ಫೋನ್ ಮಾಡೋದನ್ನೇ ಬಿಟ್ಟಿದ್ದೆ. ಮಾಡಿದ್ರೆ ‘ಇವತ್ತಾದ್ರೂ ಆಯ್ತಾ ಪುಟ್ಟಾ’ ಅಂತ ಕೇಳ್ತಾಳೆ ಅಂತ.”

ಮೇಷ್ಟ್ರು ಕ್ಷಮಿಸು ಎಂದರು. ಆ ಮಾತು ಅಲ್ಲಿ ಬೋರಲು ಹಾಕಿದ್ದ ತೊಟ್ಟಿಗಳ ಮೇಲೆ ಬಿದ್ದು ಜಾರಿಹೋಯಿತು.

“ಅವತ್ತು ನಕ್ಕವರೆಲ್ಲ ಇರೋ ಕಡೆ ಹೇಳಿ ಸರ್. ನನಗೊಬ್ಬಳಿಗೇ ಹೇಳಿದ್ರೆ ಏನು ಬಂತು?”

ಮೇಷ್ಟ್ರು ಮೊದಲು ಹೆಡ್ ಹತ್ತಿರ ಹೋದರು. ಹೆಡ್ ಕೇಳಿ, ಎದ್ದು ಬಾಗಿಲು ಮುಂದೆ ಮಾಡಿದರು. “ನಿಮಗೇನು ತಲೆ ಕೆಟ್ಟಿದೆಯಾ? ಒಂಚೂರು ಎಣ್ಣೆಗೆ ಊರೆಲ್ಲ ಡಂಗುರ ಹೊಡೀತೀರಾ? ಹುಡುಗಿಗೆ ಬೇರೆ ವಿಷಯ ಕೊಟ್ಟರಾಯ್ತು.”

“ವಿಷಯ ಅವಳದ್ದು ಸರಿ ಇದೆ ಸರ್. ಸರಿ ಇಲ್ಲದ್ದು ನನ್ನದು.”

ಮುಂದಿನ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತರು. ಬರೆದುಕೊಂಡು ಹೋಗಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ. ಮುಖ ಕೆಂಪೇರಿ, ಮಾತು ತಡವರಿಸಿ, ಎಣ್ಣೆ ಎನ್ನುವ ಬದಲು ಒಂದು ಸಲ ಬೆಣ್ಣೆ ಎಂದರು. ಯಾರೋ ಕಿಸಕ್ಕನೆ ನಕ್ಕರು. ಆದರೂ ಹೇಳಬೇಕಾದ್ದನ್ನು ಹೇಳಿದರು: ಪ್ರದರ್ಶನದಲ್ಲಿ ಮೋಸ ಮಾಡಿದೆ, ಅದು ಗೊತ್ತಿದ್ದೂ ಈ ಹುಡುಗಿಯನ್ನು ಇಷ್ಟು ಕಾಲ ಅದರ ಹಿಂದೆ ಓಡಿಸಿದೆ, ಅವಳನ್ನು ನೋಡಿ ನಗುವಾಗ ಸುಮ್ಮನೆ ಕೂತಿದ್ದೆ, ಅವಳು ಅಂದು ಇಲ್ಲಿ ಹೇಳಿದ ಕಾರಣವೇ ನಿಜವಾದದ್ದು. ಕೂತಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೆಡ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಗುಬ್ಬಿ ಮೇಜು ನೋಡುತ್ತಿದ್ದಳು.

ವಿಡಿಯೋ ತೆಗೆಸಿದರು. ಮೇಷ್ಟ್ರ ಹೆಸರು ಮತ್ತೊಮ್ಮೆ ಬದಲಾಯಿತು. ಕಾರಿಡಾರಿನಲ್ಲಿ ‘ಎಣ್ಣೆ ಮೇಷ್ಟ್ರು’ ಎಂಬ ಪಿಸುಮಾತು ಕಿವಿಗೆ ಬೀಳತೊಡಗಿತು. ಹೊಸದಾಗಿ ಸೇರಿದವರು ಅದಕ್ಕೆ ಬೇರೆಯೇ ಅರ್ಥ ಕಟ್ಟಿ, ಅವರು ಹತ್ತಿರ ಬಂದಾಗ ಮೂಗಿನಿಂದ ಉಸಿರೆಳೆದು ನೋಡುತ್ತಿದ್ದರು. ಈ ಹೆಸರು ಮಾತ್ರ ಅವರಿಗೆ ಇಷ್ಟವಾಗಲಿಲ್ಲ, ಬೇಡವೆನ್ನುವ ಹಕ್ಕೂ ಇರಲಿಲ್ಲ.

ಗುಬ್ಬಿ ಬಿಟ್ಟುಹೋಗಲಿಲ್ಲ. ಆದರೆ ಮಾರ್ಗದರ್ಶಕರನ್ನು ಬದಲಾಯಿಸಿಕೊಂಡಳು. ಸೋತವೆಂದುಕೊಂಡಿದ್ದ ಪ್ರಯೋಗಗಳೆಲ್ಲ ಈಗ ಅವಳ ಕೆಲಸದ ಮೊದಲ ಅರ್ಧವಾದವು: ಪದರಗಳು ಬಿಗಿಯಾಗಿ ಬೆಸೆದುಕೊಂಡಿದ್ದರೆ ಸಿಲ್ ಹುಟ್ಟುವುದು ಎಷ್ಟು ಕಷ್ಟ ಎಂಬುದಕ್ಕೆ ಅವೇ ಸಾಕ್ಷಿ. ಮೇಲಿನ ಪದರವನ್ನು ಆದಷ್ಟು ತಣ್ಣಗಾಗಿಸಿ ಸುರಿದು, ಅಂಟನ್ನು ಸಡಿಲ ಮಾಡಿ, ಎಣ್ಣೆಯಿಲ್ಲದೆ ಅವಳು ಕೆಂಪು ನೀರನ್ನು ಹರಡಿಸಿದ ದಿನ ಪ್ರಯೋಗಶಾಲೆಯಿಂದ ಕೂಗು ಕೇಳಿಸಿತು. ಮೇಷ್ಟ್ರು ತಮ್ಮ ಕೋಣೆಯಲ್ಲಿ ಎದ್ದು ನಿಂತರು. ಬಾಗಿಲವರೆಗೆ ಹೋದರು. ಅವರನ್ನು ಯಾರೂ ಕರೆದಿರಲಿಲ್ಲ. ವಾಪಸು ಬಂದು ಕೂತರು.

ಇನ್ನೊಂದು ಕೆಲಸ ಉಳಿದಿತ್ತು. ಹೆಂಡತಿ ಅದನ್ನು ನೆನಪಿಸಲಿಲ್ಲ. ಒಂದು ಬೆಳಿಗ್ಗೆ ಬನ್ನಿನ ಪೊಟ್ಟಣ ಕಟ್ಟಿ ಮೇಜಿನ ಮೇಲಿಟ್ಟಳು, “ರೈಲಿನಲ್ಲಿ ಹಸಿವಾಗುತ್ತೆ,” ಎಂದಳು, ಅಷ್ಟೇ.

ದರ್ಜಿಯ ಅಂಗಡಿ ಕಿರಿದಾದ ಬೀದಿಯೊಂದರಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿತ್ತು. ಎರಡು ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಕೋಟುಗಳು, ನೆಲದ ತುಂಬ ಬಟ್ಟೆಯ ಚೂರು. ದರ್ಜಿ ಅವರನ್ನು ಕಂಡು ಗಡಬಡಿಸಿ ಎದ್ದರು, ಸ್ಟೂಲು ಒರೆಸಿದರು. ಈ ಸಲ ನಿಂತೇ ಹೇಳಿದ್ದು ಮೇಷ್ಟ್ರು.

ಅವರು ಹೇಳಿ ಮುಗಿಸುವಷ್ಟರಲ್ಲಿ ದರ್ಜಿ ಆ ಸ್ಟೂಲಿನ ಮೇಲೆ ತಾವೇ ಕುಳಿತುಬಿಟ್ಟಿದ್ದರು.

“ಅವಳು ನನಗೆ ಇದೇನೂ ಹೇಳಲಿಲ್ಲ ಸರ್. ‘ಈಗ ಸರಿ ಹೋಯ್ತಪ್ಪಾ’ ಅಂದ್ಲು, ಅಷ್ಟೇ.”

“ನಾನೇ ಹೇಳ್ಬೇಕಿತ್ತು. ಅವತ್ತೇ, ನೀವು ಬಂದಾಗ.”

ದರ್ಜಿ ಕತ್ತರಿಯನ್ನು ಎತ್ತಿ, ಮತ್ತೆ ಅಲ್ಲಿಯೇ ಇಟ್ಟರು. “ನಾನು ಅವಳಿಗೆ ಬೈದಿದ್ದೆ ಸರ್. ‘ನಿಮ್ಮ ಮೇಷ್ಟ್ರು ಮಾಡೋದು ನಿನಗ್ಯಾಕೆ ಆಗಲ್ಲ, ಮನಸ್ಸಿಟ್ಟು ಮಾಡ್ತಿಲ್ಲ ನೀನು’ ಅಂತ. ಒಂದು ಸಲ ಅಲ್ಲ, ಎಷ್ಟೋ ಸಲ.” ಅವರ ಕಣ್ಣು ಮೇಷ್ಟ್ರ ಮುಖದ ಮೇಲೆ ನಿಂತಿತು. “ಹೊಲಿಗೆ ತಪ್ಪಿದ್ರೆ ಬಿಚ್ಚಿ ಹೊಲೀತೀನಿ. ಇದನ್ನ ಏನು ಮಾಡ್ಲಿ, ಹೇಳಿ?”

ತಮ್ಮ ಸುಳ್ಳು ಇಷ್ಟು ದೂರ ಬಂದು, ಈ ಸಣ್ಣ ಅಂಗಡಿಯಲ್ಲಿ ಒಬ್ಬ ತಂದೆಯ ಬಾಯಿಂದ ಮಗಳನ್ನು ಬೈಸಿತ್ತು ಎಂದು ಮೇಷ್ಟ್ರಿಗೆ ಈವರೆಗೆ ಹೊಳೆದಿರಲಿಲ್ಲ. ತಲೆ ತಗ್ಗಿಸಿ ನಿಂತರು.

ದರ್ಜಿ ಫೋನ್ ಎತ್ತಿಕೊಂಡು ಮಗಳಿಗೆ ಮಾಡಿದರು. “ಪುಟ್ಟಾ, ನಾನು... ಊಟ ಆಯ್ತಾ?” ಎಂದರು. ಆ ಕಡೆಯಿಂದ ಏನೋ ಬಂತು. “ಏನಿಲ್ಲ, ಸುಮ್ನೆ ಮಾಡ್ದೆ. ಅವತ್ತು ನಾನು ಅಂದಿದ್ದೆನಲ್ಲ, ಮನಸ್ಸಿಟ್ಟು ಮಾಡ್ತಿಲ್ಲ ಅಂತ...” ಅವಳು ಆ ಕಡೆ ಮಾತಾಡುತ್ತಲೇ ಇದ್ದಳು. ದರ್ಜಿ “ಹೂಂ, ಹೂಂ” ಎನ್ನುತ್ತಾ ಕಣ್ಣೊರೆಸಿಕೊಂಡರು, ಒಮ್ಮೆ ನಕ್ಕರು. ಫೋನಿನ ಮೇಲೆ ಅಂಗೈ ಮುಚ್ಚಿ, “ನೀವು ಬಂದಿದ್ದೀರಿ ಅಂತ ಹೇಳ್ಲಾ?” ಎಂದು ಕೇಳಿದರು.

ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು.

ಅವರು ಹೊರಡುವಾಗ ದರ್ಜಿ ಬಾಗಿಲವರೆಗೆ ಬಂದರು. ಪರವಾಗಿಲ್ಲ ಎನ್ನಲಿಲ್ಲ, ಬೈಯಲೂ ಇಲ್ಲ.

“ಅವಳಿಗೆ ಪದವಿ ಕೊಡೋ ದಿನ ನೀವು ಅಲ್ಲಿರ್ತೀರಾ ಸರ್?”

“ಅವಳು ಕರೆದ್ರೆ.”

“ಕರೀತಾಳೋ ಇಲ್ವೋ, ನನಗೆ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ,” ಎಂದರು ಮೇಷ್ಟ್ರು. ಮೆಟ್ಟಿಲಿಳಿದು ರೈಲು ನಿಲ್ದಾಣದ ಕಡೆಗೆ ನಡೆದರು. ಹಿಂದೆ ಹೊಲಿಗೆ ಯಂತ್ರದ ಸದ್ದು ಮತ್ತೆ ಶುರುವಾಯಿತು.